ಟ್ರೇಲರ್ ಕಟ್ಕೊಂಡು ಹೊರಡೋ ಮುಂಚೆ, ಭಾಗ 3: ಹಿಚ್‌ಗಿಂತ ಮೊದಲು ತೂಕ

“ಜುಲೈನಲ್ಲಿ ಅಪ್ಪ-ಅಮ್ಮ ಊರಿಂದ ಬರ್ತಿದಾರೆ. ಬಾಡಿಗೆ ಬೇಡ, ಸ್ವಂತ ಟ್ರೇಲರ್ ತಗೊಂಡು ಯೆಲ್ಲೋಸ್ಟೋನ್‌ಗೆ ಹೋಗೋಣ ಅಂತಿದೀವಿ. ಯಾವ ಹಿಚ್ ತಗೊಳ್ಲಿ?” ಅಂತ ನಮ್ಮ ಬ್ಯಾಚಿನವನೊಬ್ಬ ಕೇಳಿದ. ಅಮೆರಿಕದಲ್ಲಿರೋ ನಿಮಗೆಲ್ಲ ಉಪಯೋಗ ಆಗ್ಲಿ ಅಂತ ಇಲ್ಲೇ ಬರೀತಿದೀನಿ.

ಎತ್ತಿನ ಗಾಡಿ ನೋಡಿದೀರಲ್ಲ? ಹಿಂದೆ ಹೊರೆ ಜಾಸ್ತಿ ಆದ್ರೆ ಮೂಕಿ ಮೇಲೇಳುತ್ತೆ, ಮುಂದೆ ಜಾಸ್ತಿ ಆದ್ರೆ ಎತ್ತಿನ ಹೆಗಲು ಕುಸಿಯುತ್ತೆ. ಇಲ್ಲೂ ಅದೇ. ಸಾಮಾನು ತುಂಬಿದ ಟ್ರೇಲರಿನ ತೂಕದಲ್ಲಿ ಶೇ. 10ರಿಂದ 15ರಷ್ಟು ಕಾರಿನ ಹಿಚ್ ಮೇಲೆ ಕೂರಬೇಕು. ಅದೇ ಟಂಗ್ ವೆಯ್ಟ್. ಅದು ಕಮ್ಮಿ ಆದ್ರೆ ಟ್ರೇಲರ್ ಬಾಲ ಅಲ್ಲಾಡಿಸುತ್ತೆ, ಜೊತೆಗೆ ಕಾರನ್ನೂ ಅಲ್ಲಾಡಿಸುತ್ತೆ. ಸ್ವೇ ಅಂದ್ರೆ ಅದು.

ಈಗ ಲೆಕ್ಕ ಮಾಡಿ. “ನಿಮ್ಮ ಕಾರು 7,500 ಪೌಂಡ್ ಎಳೆಯುತ್ತೆ” ಅಂತಾರೆ ಮಾರೋರು. ಆದ್ರೆ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಜನ, ಸಾಮಾನು ಸೇರಿ 1,400 ಪೌಂಡ್ ಅಂತಿದೆ ಅಂದ್ಕೊಳ್ಳಿ. 6,000 ಪೌಂಡಿನ ಟ್ರೇಲರ್‌ಗೆ ಶೇ. 13 ಅಂದ್ರೆ 780. ಹಿಚ್‌ನದೇ ತೂಕ ಸುಮಾರು 100. ಉಳಿದಿದ್ದು 520. ತಲಾ 150 ಪೌಂಡಿನ ನಾಲ್ಕು ಜನ ಕೂತ್ರೆ 600. ಅಪ್ಪ-ಅಮ್ಮನ ಸೂಟ್‌ಕೇಸ್ ಇನ್ನೂ ಮನೇಲೇ ಇದೆ!

ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಏನು ಮಾಡುತ್ತೆ? ಅದರ ಸ್ಪ್ರಿಂಗ್ ಬಾರ್‌ಗಳು ಹಿಂದೆ ಕುಸಿದ ಭಾರದಲ್ಲಿ ಸ್ವಲ್ಪವನ್ನ ಕಾರಿನ ಮುಂದಿನ ಚಕ್ರಗಳಿಗೂ ಟ್ರೇಲರಿನ ಆಕ್ಸಲ್‌ಗೂ ಹಂಚುತ್ವೆ. ಬಾರ್ ಆರಿಸೋದು ನಿಮ್ಮ ನಿಜವಾದ ಟಂಗ್ ವೆಯ್ಟಿಗೆ ತಕ್ಕಂತೆ. ದೊಡ್ಡದಿದ್ರೆ ಒಳ್ಳೇದು ಅನ್ನೋ ಮಾತಿಲ್ಲ. ಕೆಲವು ಕಾರುಗಳಿಗೆ ಈ ಹಿಚ್ ಹಾಕಬಾರದು, ಅದಕ್ಕೇ ಮೊದಲು ಮ್ಯಾನ್ಯುಯಲ್ ಓದಿ.

ಸ್ವೇ ಕಂಟ್ರೋಲ್ ಬೇರೆ ವಿಷಯ. ಒಂಟಿ ಫ್ರಿಕ್ಷನ್ ಬಾರ್ ಅಗ್ಗ, ಸಣ್ಣ ಟ್ರೇಲರಿಗೆ ಸಾಕು, ಆದ್ರೆ ರಿವರ್ಸ್ ತಗೊಳ್ಳೋ ಮುಂಚೆ ಬಿಚ್ಚಬೇಕು. ಈಕ್ವಲೈಜರ್ ಥರದ್ದರಲ್ಲಿ ಎರಡೂ ಕೆಲಸ ಸೇರಿರುತ್ತೆ, ಬಿಚ್ಚೋ ತಾಪತ್ರಯ ಇಲ್ಲ. ಹೆನ್ಸ್ಲಿ ಥರದ್ದು ತುಂಬಾ ದುಬಾರಿ. ಆದ್ರೆ ಎಷ್ಟೇ ದುಡ್ಡು ಸುರಿದ್ರೂ ತಪ್ಪಾಗಿ ತುಂಬಿದ ಟ್ರೇಲರನ್ನ ಯಾವ ಹಿಚ್ಚೂ ಸರಿ ಮಾಡಲ್ಲ. ಆಕ್ಸಲ್ ಹಿಂದಿರೋ 40 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ 330 ಪೌಂಡ್ ನೀರು, ಟಂಗ್ ವೆಯ್ಟ್ ಇಳೀತು. ಎಲ್ಲ ತುಂಬಿದ ಮೇಲೆ ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಹೋಗಿ ತೂಗಿಸಿ.

ಅಷ್ಟಾದ್ರೂ ಬಾಲ ಆಡ್ತಾ? ಕಾರಿನ ಬ್ರೇಕ್ ತುಳೀಬೇಡಿ. ಆಕ್ಸಲರೇಟರಿಂದ ಕಾಲು ತೆಗೀರಿ, ಸ್ಟೀರಿಂಗ್ ನೇರ ಹಿಡೀರಿ, ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕ್ ಮಾತ್ರ ಕೈಯಲ್ಲಿ ಒತ್ತಿ.

ಗೆಳೆಯನಿಗೆ ನನ್ನ ಉತ್ತರ: 4,000 ಪೌಂಡಿನ ಟ್ರೇಲರ್ ನೋಡು ಮಾರಾಯ. ಅಪ್ಪ-ಅಮ್ಮನೂ ಹಿಡಿಸ್ತಾರೆ, ಸೂಟ್‌ಕೇಸೂ ಹಿಡಿಸುತ್ತೆ. ಹಿಚ್ ಯಾವುದು ಅಂತ ಆಮೇಲೆ ಮಾತಾಡೋಣ.

ನೀವೂ ಈಗ್ಲೇ ಹೋಗಿ ಬಾಗಿಲ ಸ್ಟಿಕ್ಕರ್ ನೋಡಿ, ನಂಬರ್ ಕಾಮೆಂಟಲ್ಲಿ ಹಾಕಿ. ಲೆಕ್ಕ ಒಟ್ಟಿಗೆ ಮಾಡೋಣ.