ಲಿನ್‌ಶೋಪಿಂಗ್‌ನಲ್ಲಿ ಕೈಕಟ್ಟಿ ನಿಂತ ಗುರುಗಳು

ಸ್ಟಾಕ್‌ಹೋಮ್‌ನಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ಲಿನ್‌ಶೋಪಿಂಗ್. ಸಾಬ್ ಯುದ್ಧವಿಮಾನಗಳು ತಯಾರಾಗುವ ಊರು. ನಾನು ಹೋದದ್ದು ಮಾತ್ರ ಅಲ್ಲಿನ ದೊಡ್ಡಾಸ್ಪತ್ರೆಯ ಮೂಳೆ ವಿಭಾಗಕ್ಕೆ, 1996ರಲ್ಲಿ ಶುರುವಾದ ಕಲಿಕಾ ವಾರ್ಡು ನೋಡಲು. ಮೆಡಿಕಲ್, ನರ್ಸಿಂಗ್, ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಓದುವ ಹುಡುಗ ಹುಡುಗಿಯರು ಎರಡು ವಾರ ಒಟ್ಟಿಗೆ ಸೇರಿ ವಾರ್ಡು ನಡೆಸುತ್ತಾರೆ. ರೋಗಿಗಳು ನಿಜ, ನೋವೂ ನಿಜ!

ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಅಜ್ಜಿಯೊಬ್ಬರು ನನ್ನನ್ನು ಒಳಗೆ ಬಿಟ್ಟುಕೊಂಡರು. ಜೊತೆಗಿದ್ದ ಅಧ್ಯಾಪಕಿ ಎಲ್ಲವನ್ನೂ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಜ್ಜಿಯ ಮುಖ ಒರೆಸಿ ತಿಂಡಿ ತಟ್ಟೆ ಹಿಡಿದು ನಿಂತವನು ನಾಳೆ ಡಾಕ್ಟರಾಗುವ ಹುಡುಗ. ಕಣ್ಣರಳಿಸಿ ನೋಡಿದೆ. ಗಾಯ ಒಣಗಿದೆ, ನಾಡಿದ್ದು ಮನೆಗೆ ಕಳಿಸಬಹುದು ಎಂಬುದು ಅವನ ಲೆಕ್ಕ. ಆಕ್ಯುಪೇಷನಲ್ ಥೆರಪಿಯ ಹುಡುಗಿ ಅಜ್ಜಿಯ ಕೈಗೆ ಉದ್ದ ಲಾಡಿಗಳಿದ್ದ, ಪುಟ್ಟ ದೋಣಿಯಂಥ ಪ್ಲಾಸ್ಟಿಕ್ ಸಾಧನ ಕೊಟ್ಟಳು. ಕಾಲುಚೀಲವನ್ನು ಅದಕ್ಕೆ ಸಿಕ್ಕಿಸಿ ನೆಲಕ್ಕೆ ಬಿಟ್ಟು, ಪಾದ ತೂರಿಸಿ ಲಾಡಿ ಎಳೆದರೆ, ಬಗ್ಗದೆಯೇ ಕಾಲುಚೀಲ ಏರುತ್ತದೆ. ಎರಡು ಮೂರು ಸಲ ಎಳೆದರೂ ಏರಲಿಲ್ಲ.

“ಮನೆಯಲ್ಲಿ ಯಾರಿದ್ದಾರೆ?”

“ಬೆಕ್ಕು.”

ಫಿಸಿಯೋ ಹುಡುಗ ಮೆಟ್ಟಿಲು ಎಷ್ಟೆಂದು ಕೇಳಿದ. ರಾತ್ರಿ ಎದ್ದಾಗ ತಲೆಸುತ್ತು ಬಂದಿತ್ತೆಂದು ನರ್ಸಿಂಗ್ ಹುಡುಗಿ ಹೇಳಿದ್ದೇ ತಡ, ಮೆಡಿಕಲ್ ಹುಡುಗ ಮಾತ್ರೆಗಳ ಪಟ್ಟಿ ತೆರೆದ.

ಇಷ್ಟೂ ಹೊತ್ತು ಹಿರಿಯ ನರ್ಸ್ ಬಾಗಿಲ ಬಳಿ ಕೈಗಳನ್ನು ಬೆನ್ನಹಿಂದೆ ಕಟ್ಟಿ ನಿಂತಿದ್ದರು. ಹೊಣೆ ಅವರದೇ, ಆದರೆ ಅಪಾಯ ಕಂಡರಷ್ಟೇ ಕೈಹಾಕುವುದು. ಸುಮ್ಮನಿರುವುದೂ ಇಷ್ಟು ಕಷ್ಟದ ಕಸುಬೇ!

1986ರಲ್ಲಿ ಇಲ್ಲಿ ಆರೋಗ್ಯ ವಿಜ್ಞಾನ ವಿಭಾಗ ತೆರೆದಾಗಲೇ ಎಲ್ಲ ಕೋರ್ಸಿನವರಿಗೂ ಮೊದಲ 10 ವಾರ ಒಂದೇ ಪಾಠವಿತ್ತು. ನಮ್ಮಲ್ಲಿ ಮೆಡಿಕಲ್ಲಿನವರೂ ನರ್ಸಿಂಗಿನವರೂ ಒಂದೇ ಕಾಂಪೌಂಡಿನಲ್ಲಿದ್ದರೂ ಮುಖಪರಿಚಯವಾಗುವುದು ಕ್ಯಾಂಟೀನಿನಲ್ಲಿ, ಅದೂ ಆದರೆ. ಇಲ್ಲಿ ಎಲ್ಲರಿಗೂ ಹೆಸರಷ್ಟೇ, ಸಾರ್ ಮೇಡಂ ಇಲ್ಲ. 1967ರಲ್ಲಿ ದೇಶದ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾಗಿ ಬಂದ ಬ್ರೋರ್ ರೆಕ್ಸೆಡ್, ಸಿಬ್ಬಂದಿಯನ್ನೆಲ್ಲ ಹೆಸರು ಹಿಡಿದೇ ಕರೆಯುತ್ತೇನೆಂದು ಸಾರಿದವರು. ಬೆನ್ನುಹುರಿಯ ಪದರಗಳಿಗಿರುವುದು ಇದೇ ರೆಕ್ಸೆಡ್ ಹೆಸರು.

ಪಾಳಿ ಮುಗಿದ ಮೇಲೆ ಕಾಫಿ ಹಿಡಿದು ಎಲ್ಲರೂ ದುಂಡಗೆ ಕೂತರು. ಯಾರು ಯಾರ ಮಾತು ಕೇಳಿಸಿಕೊಂಡೆವು, ಯಾರದನ್ನು ದಾಟಿ ಹೋದೆವು ಎಂಬುದರ ಚರ್ಚೆ. ಅಜ್ಜಿಯ ಬಿಡುಗಡೆ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಬೆಕ್ಕಿಗೆ ಊಟ ಹಾಕುವವರು ಯಾರು ಎಂಬುದೂ ಪಟ್ಟಿಗೆ ಸೇರಿತು. ನಗರಸಭೆಯ ಮನೆನೆರವಿನ ವಿಭಾಗಕ್ಕೆ ಫೋನ್ ಮಾಡುವ ಕೆಲಸ ಮೆಡಿಕಲ್ ಹುಡುಗನ ಪಾಲಿಗೆ ಬಂತು.