ಗೆಜ್ಜೆಯೂ ಗರಡಿಯೂ

ಕಣ್ಣಿಗೆ ಕೋಮಲವಾಗಿ ತೋರುವುದನ್ನು ಕೋಮಲವಾದ ದೇಹವೇ ಸಾಧಿಸುವುದೆಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಸಾಮು ಗಂಡುಹುಡುಗರಿಗೆ, ಗೆಜ್ಜೆ ಹೆಣ್ಣುಮಕ್ಕಳಿಗೆ ಎಂದು ಹಂಚಿಕೊಟ್ಟು, ಬಸ್ಕಿ ಹೊಡೆದ ಹುಡುಗಿಯ ಮೈ ಬಿರುಸಾಗಿ ಲಾಸ್ಯವು ಕೆಡುವುದೆಂದು ಹೆದರುವೆವು. ಈ ಹೆದರಿಕೆಗೆ ಆಧಾರವುಂಟೆ ಎಂದು ವಿಚಾರಿಸುವ ಪ್ರಸಂಗವು ನನಗೆ ಮೈಲೂರಿನ ನಮ್ಮ ಮನೆಯಲ್ಲಿಯೇ ಒದಗಿತು.

ನನ್ನ ತಂಗಿಯ ಮಗಳು ಭರತನಾಟ್ಯವನ್ನು ಕಲಿಯುತ್ತಿದ್ದಾಳೆ. 13ನೆಯ ವಯಸ್ಸಿನಲ್ಲಿ ಅವಳು ಒಮ್ಮೆಲೆ ಎತ್ತರವಾದಳು. ಅದರೊಡನೆ ಮೊಣಕಾಲಿನ ಕೆಳಗೆ ನೋವೂ ಬಂದಿತು. ಮೆಟ್ಟಿಲಿಳಿಯುವಾಗ ಗೋಡೆಯನ್ನು ಹಿಡಿಯುವಳು. ಅವಳ ಅಜ್ಜಿಯವರು, "ಗೆಜ್ಜಿ ಗಂಟು ಕಟ್ಟಿ ಮ್ಯಾಲಿಡ್ರಿ. ನಾಳೆ ಕೊಟ್ಟ ಮನ್ಯಾಗ ಕಾಲು ಎಳಕೋತ ನಡದ್ರ ಹೆಂಗ?" ಎಂದರು. ಹುಡುಗಿ ಮರುಮಾತಾಡದೆ ಆ ರಾತ್ರಿ ಊಟ ಬಿಟ್ಟಳು.

ವೈದ್ಯರು ಪರೀಕ್ಷಿಸಿ ಕಾರಣವನ್ನು ವಿವರಿಸಿದರು. ಈ ವಯಸ್ಸಿನಲ್ಲಿ ಎಲುಬು ಬೇಗ ಉದ್ದವಾಗುವುದು. ಸ್ನಾಯುಗಳು ಅದರ ಜೊತೆಗೇ ಬರಲಾರವು. ಆಗ ತೊಡೆಯ ಸ್ನಾಯುವು ಮೊಣಕಾಲಿನ ಕೆಳಗೆ ಇನ್ನೂ ಬಲಿಯದ ಎಲುಬನ್ನು ಜಗ್ಗುವುದು. ಭರತನಾಟ್ಯದ ಅರೆಮಂಡಿಯಲ್ಲಿ ಕಾಲು ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಅಲ್ಲಿ ಬಲ ಸಾಲದಿದ್ದರೆ ಪಾದವನ್ನಷ್ಟೇ ತಿರುಗಿಸಿ ನಿಲ್ಲುವ ರೂಢಿ ಬೀಳುತ್ತದೆ. ಆ ತಿರುಚೆಲ್ಲ ಮೊಣಕಾಲಿಗೆ ಬರುತ್ತದೆ. ಅದರ ಮೇಲೆ ಬರಿಗಾಲಿನಿಂದ ಫರಸಿ ಕಲ್ಲಿನ ಮೇಲೆ ನೂರಾರು ತಟ್ಟು! ಕೆಲವು ವಾರ ಕುಣಿತವನ್ನು ತಗ್ಗಿಸಬೇಕು, ತೊಡೆ, ಪೃಷ್ಠ, ನಡು, ಮೀನಖಂಡಗಳನ್ನು ಬಲಪಡಿಸಬೇಕು, ಕಲೆಯನ್ನು ಬಿಡಬೇಕಾಗಿಲ್ಲ ಎಂಬುದು ಅವರ ಸಲಹೆ.

ಬಲಪಡಿಸುವುದೆಂದರೆ ಸಾಮು ಮಾಡುವುದೇ ಅಷ್ಟೆ. ನಮ್ಮ ಬೀದರಿಗೆ ಇದು ಹೊಸತಲ್ಲ. ಚೌಬಾರದ ಸುತ್ತಿನ ಹಳೆಯ ಊರಿನಲ್ಲಿ ಸಿದ್ದೀಕ್ ತಾಲೀಮ್, ನೂರ್‌ಖಾನ್ ತಾಲೀಮ್, ಮನಿಯಾರ್ ತಾಲೀಮ್, ಪನ್ಸಾಲ್ ತಾಲೀಮ್ ಎಂದು ಓಣಿಗಳೇ ಗರಡಿಗಳ ಹೆಸರನ್ನು ಹೊತ್ತಿವೆ. ಇನ್ನೂ ಹಿಂದೆ ಹೋದರೆ, ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಭಾರಶ್ರಮ, ಸ್ತಂಭಶ್ರಮಗಳ ವರ್ಣನೆಯಿದೆ. ಅದೇ ಗ್ರಂಥದಲ್ಲಿ ಲಾಸ್ಯ, ತಾಂಡವ ಮೊದಲಾದ ನೃತ್ಯಭೇದಗಳೂ ಇವೆ. ಒಬ್ಬನೇ ಅರಸನು ಎರಡನ್ನೂ ಒಂದೇ ಗ್ರಂಥದಲ್ಲಿ ಕೂಡಿಸಿದನು. ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯದಲ್ಲಿ ನಡುವನ್ನು ತಿರುಗಿಸಿ ನಿಂತ ಮದನಿಕೆಯರನ್ನು ನೋಡಿದವರು ಒಂದು ಗಳಿಗೆ ಹಾಗೆಯೇ ನಿಂತು ನೋಡಲಿ. ಆ ಬೆಡಗಿಗೆ ಎಷ್ಟು ಕಸುವು ಬೇಕೆಂಬುದು ತೊಡೆಯ ನಡುಕದಿಂದಲೇ ತಿಳಿದೀತು.

ಭರತಮುನಿಯ ನಾಟ್ಯಶಾಸ್ತ್ರವೂ ಚಾರಿಗಳ ಪ್ರಕರಣದಲ್ಲಿ ವ್ಯಾಯಾಮವನ್ನು ವಿಧಿಸುತ್ತದೆ. ಮೈಗೆ ಎಳ್ಳೆಣ್ಣೆಯನ್ನು ತಿಕ್ಕಿಕೊಂಡು ಮಾಡಬೇಕೆಂದೂ, ಹಸಿದವರು, ಬಳಲಿದವರು, ಅತಿಯಾಗಿ ಉಂಡವರು ಮಾಡಬಾರದೆಂದೂ, ಒಳ್ಳೆಯ ಆಹಾರವಿಲ್ಲದೆ ಕಸುವಿಲ್ಲ, ಕಸುವಿಲ್ಲದೆ ವ್ಯಾಯಾಮವಿಲ್ಲವೆಂದೂ ಅದರ ಅಭಿಪ್ರಾಯ. ತೆಳ್ಳಗಿರಬೇಕೆಂದು ರೊಟ್ಟಿಯನ್ನು ಅರ್ಧಕ್ಕೆ ಬಿಡುವ ಹುಡುಗಿಯರ ತಾಯಂದಿರು ಈ ಮಾತನ್ನು ಮನನ ಮಾಡತಕ್ಕದ್ದು.

ಮೈ ಬಿರುಸಾಗುವುದೆಂಬ ಭಯಕ್ಕೂ ಇಂದಿನ ವೈದ್ಯವು ಉತ್ತರ ಕೊಟ್ಟಿದೆ. ಪ್ರಾಯ ತುಂಬುವ ಮೊದಲು ಸಾಮಿನಿಂದ ಹೆಚ್ಚುವ ಬಲವು ಬಹುಪಾಲು ನರಗಳು ಸ್ನಾಯುಗಳನ್ನು ಚೆನ್ನಾಗಿ ದುಡಿಸಿಕೊಳ್ಳುವುದರಿಂದ ಬರುವುದು; ಮೈ ಉಬ್ಬುವುದಿಲ್ಲ, ಬೆಳವಣಿಗೆ ಕುಂಠಿತವಾಗುವುದೂ ಇಲ್ಲ. 5ರಿಂದ 17 ವಯಸ್ಸಿನವರು ವಾರಕ್ಕೆ 3 ದಿನವಾದರೂ ಸ್ನಾಯು, ಎಲುಬುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಆದರೆ ತಿಳಿದವರ ಕಣ್ಣೆದುರಿಗೆ, ಸ್ವಲ್ಪದಿಂದ ಆರಂಭಿಸಿ ಕ್ರಮವಾಗಿ ಏರಿಸತಕ್ಕದ್ದು.

ನಮ್ಮ ಹುಡುಗಿಗೆ ಗೊತ್ತಾದ ಸಾಮು ಸುಲಭದ್ದು: ಗೋಡೆಗೆ ಬೆನ್ನೊತ್ತಿ ಅರ್ಧ ಕುಳಿತು ನಿಲ್ಲುವುದು, ಅಂಗಾತ ಮಲಗಿ ಸೊಂಟವನ್ನೆತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನೆತ್ತುವುದು, ಹಿಮ್ಮಡಿಯನ್ನೆತ್ತಿ ಮೆಲ್ಲನೆ ಇಳಿಸುವುದು. ವಾರಕ್ಕೆ 3 ದಿನ, ಅರ್ಧ ತಾಸು. ನೋವು ಒಂದೇ ವಾರದಲ್ಲಿ ಮಾಯವಾಗಲಿಲ್ಲ. ಐದು ತಿಂಗಳು ಕಳೆದ ಮೇಲೆ ಅವಳು ಗೋಡೆ ಹಿಡಿಯದೆ ಮೆಟ್ಟಿಲಿಳಿದಳು. ಅರೆಮಂಡಿಯಲ್ಲಿ ಅವಳ ಮುಖವು ಹಿಂದಿನಂತೆ ಬಿಗಿಯಲಿಲ್ಲ. ಅಭಿನಯಕ್ಕೆ ಬೇಕಾದ ಮುಖವು ಕಾಲಿನ ಕಷ್ಟದಿಂದ ಬಿಡುಗಡೆ ಹೊಂದಿತ್ತು. ಲಾಸ್ಯವು ಕೆಡಲಿಲ್ಲ, ಬೆಳೆಯಿತು.

ಮಗಳನ್ನು ನಾಟ್ಯಕ್ಕೆ ಸೇರಿಸುವ ತಂದೆತಾಯಿಗಳು ರಂಗಪ್ರವೇಶ ಯಾವಾಗ ಎಂದು ಮೊದಲು ಕೇಳುತ್ತಾರೆ. ಸಾಮು ಏನು ಮಾಡಿಸುವಿರಿ, ನೆಲ ಎಂಥದು, ನೋವು ಬಂದರೆ ವಿಶ್ರಾಂತಿಯುಂಟೆ ಎಂದು ಅದಕ್ಕಿಂತ ಮುಂಚೆ ಕೇಳುವುದು ಲೇಸು. ರಂಗಪ್ರವೇಶವು ಒಂದು ಸಂಜೆಯದು. ಮೊಣಕಾಲುಗಳು ಅವಳಿಗೆ ಜೀವಮಾನವೆಲ್ಲ ಬೇಕು.