ಷರಾ ಕಾಲಂ

ನಮ್ಮ ಮನೆ ಜೋಯಿಡಾ ತಾಲೂಕಿನ ಕಾಡಂಚಿನಲ್ಲಿದೆ. 2021ರ ಮಳೆಗಾಲದಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಆನ್‌ಲೈನ್ ಆದಾಗ ಈ ಕಡೆಯ ಎಷ್ಟೋ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ನಮ್ಮಲ್ಲಿ ಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಇತ್ತು. ಇತ್ತು, ಅಷ್ಟೇ. "ಅಜ್ಜಾ, ಟೀಚರ್ ಮತ್ತೆ ನಿಂತುಬಿಟ್ರು!" ಎಂದು ಏಳನೇ ತರಗತಿಯ ಮೊಮ್ಮಗಳು ಕೂಗುವಳು. ನೋಡಿದರೆ ಪರದೆಯ ಮೇಲೆ ಟೀಚರು ಬಾಯಿ ತೆರೆದಂತೆಯೇ ಕಲ್ಲಾಗಿರುತ್ತಿದ್ದರು. ಒಂದು ಕಿರುಪರೀಕ್ಷೆಗೆ ಗೈರುಹಾಜರಿ ಬಿದ್ದ ದಿನ ಹುಡುಗಿ ಊಟವನ್ನೇ ಮಾಡಲಿಲ್ಲ.

ದೂರು ಕೊಟ್ಟರೆ "ಲೈನ್ ಸರಿಯಿದೆ" ಎಂಬ ಉತ್ತರ. ಬ್ಯಾಂಕ್ ಗುಮಾಸ್ತನಾಗಿದ್ದವನಿಗೆ ಬಾಯಿಮಾತು ಸಾಕೇ? ನೋಟ್‌ಬುಕ್‌ಗೆ ಗೆರೆ ಎಳೆದೆ. ದಿನಕ್ಕೆ ಮೂರು ಸಲ ಅವಳು ವೇಗ ಅಳೆಯುವಳು, ನಾನು ಬರೆಯುವೆ. ಹಳೇ ಚಾಳಿ, ಷರಾ ಕಾಲಂನಲ್ಲಿ ಮಳೆಯೋ ಬಿಸಿಲೋ ಎಂದೂ ಬರೆದೆ. ವೇಗ ಹೇಳುವುದು ಮೆಗಾಬಿಟ್‌ನಲ್ಲಿ, ಫೈಲಿನ ಗಾತ್ರ ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಇದನ್ನು ಅವಳೇ ನನಗೆ ಕಲಿಸಿದಳು. ಸೆಕೆಂಡಿಗೆ 2 ಮೆಗಾಬಿಟ್ ಬಂದರೆ 60 ಮೆಗಾಬೈಟ್ ಪಾಠ ಇಳಿಯಲು 4 ನಿಮಿಷ ಸಾಕು. ನಮಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಹದಿನೈದನೇ ದಿನ ಅವಳು ಷರಾ ಕಾಲಂ ಮೇಲೆ ಬೆರಳಿಟ್ಟಳು. "ಅಜ್ಜಾ, ಹೊಳವಾದ ದಿನ ಎಲ್ಲ ಸರಿ ಇದೆ. ಮಳೆ ಬಂದಾಗಲೇ ಬೀಳೋದು!"

ನೋಟ್‌ಬುಕ್ ಹಿಡಿದು ಕಚೇರಿಗೆ ಹೋದೆ. ಮರುದಿನ ಬಂದ ಲೈನ್‌ಮನ್ ಅದರ ಪುಟ ತಿರುವಿ ನೋಡಿ, ಸೀದಾ ಹಲಸಿನ ಮರದ ಪಕ್ಕದ ಕಂಬ ಹತ್ತಿದ. ತಂತಿ ಕೂಡಿಸಿದ ಜಾಗಕ್ಕೆ ನೀರು ಹೊಕ್ಕು ತಾಮ್ರ ಹಸಿರುಗಟ್ಟಿತ್ತು. ಅಷ್ಟನ್ನು ಕತ್ತರಿಸಿ ಹೊಸದಾಗಿ ಕೂಡಿಸಿದ. "ಸಾಹೇಬ್ರ, ಮೊದಲೇ ಈ ಬುಕ್ ತೋರಿಸಿದ್ರ ಚಲೋ ಇತ್ತು" ಎಂದ.

ಆ ಗುರುವಾರ ಹೊರಗೆ ಧೋ ಎಂದು ಮಳೆ. ಪಾಠ ಮುಗಿದ ಮೇಲೆ ಮೊಮ್ಮಗಳು ನನ್ನ ಪೆನ್ನು ಕಸಿದುಕೊಂಡು ಷರಾ ಬರೆದಳು: "ಮಳೆ. ಟೀಚರ್ ನಿಲ್ಲಲಿಲ್ಲ."